ಸಿಗಾರ್‌ಗೆ ಯಾವ ಬೆಂಕಿ? ಮುಂಬೈ ಬಾಲ್ಕನಿಗೆ ಒಂದು, ಗೋವಾ ಗಾಳಿಗೆ ಇನ್ನೊಂದು

ಸಿಗಾರ್ ಹಚ್ಚಲು ಯಾವ ಲೈಟರ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಕೂತು ಹಚ್ಚುತ್ತೀರಿ? ಬಜೆಟ್ ಮಾತು ಆಮೇಲೆ. ಡೊಂಬಿವಲಿಯ ಫ್ಲ್ಯಾಟಿನ ಬಾಲ್ಕನಿ, ಪುಣೆಯ ಕೋಥ್ರೂಡಿನ ಟೆರೇಸ್, ಗೋವಾದ ಕೋಲ್ವಾ ಕಡೆಯ ಬಾಡಿಗೆ ಮನೆಯ ಜಗಲಿ. ಮೂರು ಕಡೆಯ ಗಾಳಿ ಬೇರೆ, ತೇವ ಬೇರೆ. ಒಂದು ಕಡೆ ಚೆನ್ನಾಗಿ ಕೆಲಸ ಮಾಡುವ ಲೈಟರ್ ಇನ್ನೊಂದು ಕಡೆ ಬರೀ ಜೇಬಿಗೆ ಭಾರ. ಅಂಗಡಿಯವನು ಇದನ್ನು ಹೇಳುವುದಿಲ್ಲ. ಅವನು ಹೊಳೆಯುವುದನ್ನು ಮುಂದಿಡುತ್ತಾನೆ.

ಮುಂಬೈ ಕನ್ನಡಿಗರಲ್ಲಿ ದಿನಾ ಸಿಗಾರ್ ಸೇದುವವರು ಅಪರೂಪ. ನಮ್ಮವರ ಮನೆಗೆ ಅದು ಹೆಚ್ಚಾಗಿ ಗಲ್ಫಿನಿಂದ ಬರುತ್ತದೆ. ಭಾವನೋ, ಚಿಕ್ಕಪ್ಪನ ಮಗನೋ ರಜೆಗೆ ಬರುವಾಗ ಡ್ಯೂಟಿ ಫ್ರೀಯಿಂದ ಒಂದು ಪೆಟ್ಟಿಗೆ ಹಿಡಿದುಕೊಂಡು ಬರುತ್ತಾನೆ. ಒಬ್ಬರಿಗೆ 25 ಸಿಗಾರ್ ತನಕ ಸುಂಕದ ತಕರಾರಿಲ್ಲ. ಪೆಟ್ಟಿಗೆಯೇನೋ ಬಂತು, ಲೈಟರ್ ಬರಲಿಲ್ಲ. ಆಗ ಶುರುವಾಗುತ್ತದೆ ಹುಡುಕಾಟ. ಅಡುಗೆಮನೆಯ ಗ್ಯಾಸ್ ಲೈಟರ್ ತಂದರೆ ಅದರಲ್ಲಿ ಕಿಡಿ ಬಿಟ್ಟರೆ ಬೆಂಕಿಯೇ ಇಲ್ಲ. ಕೊನೆಗೆ ದೇವರ ಕೋಣೆಯ ಬೆಂಕಿಪೊಟ್ಟಣ, ಇಲ್ಲವೇ ಕೆಳಗಿನ ಪಾನ್‌ಬೀಡಿ ಅಂಗಡಿಯ ಪ್ಲಾಸ್ಟಿಕ್ ಲೈಟರ್. "ಇಷ್ಟು ದೊಡ್ಡದಕ್ಕೆ ಇಷ್ಟು ಸಣ್ಣ ಬೆಂಕಿ ಸಾಕಾ ಮಾರಾಯ?" ಅಂತ ಭಾವ ನಗುತ್ತಾನೆ. ಅವನು ಕೇಳುವುದರಲ್ಲಿ ತಪ್ಪೇನಿಲ್ಲ.

ಸಿಗರೇಟಿನ ತುದಿ ಸುಮಾರು 8 ಮಿಲಿಮೀಟರ್ ಅಗಲ. ಸಿಗಾರ್ ದಪ್ಪವನ್ನು ರಿಂಗ್ ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ರಿಂಗ್. ಎಲ್ಲರಿಗೂ ಗೊತ್ತಿರುವ ರೊಬಸ್ಟೊ 5 ಇಂಚು ಉದ್ದ, 50 ರಿಂಗ್ ದಪ್ಪ. ಅಂದರೆ ಅದರ ತುದಿ ಹತ್ತಿರ ಹತ್ತಿರ 2 ಸೆಂಟಿಮೀಟರ್. ಬೆಂಕಿ ಹಿಡಿಯಬೇಕಾದ ಜಾಗ ಸಿಗರೇಟಿನ ಆರು ಪಟ್ಟು. ಸಿಗರೇಟು ಒಂದು ದಮ್ಮಿಗೆ ಹತ್ತಿಕೊಳ್ಳುತ್ತದೆ. ಇದಕ್ಕೆ ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಅಷ್ಟು ಹೊತ್ತು ಬೆಂಕಿ ನಿಲ್ಲಬೇಕು, ಗಾಳಿಗೆ ಆರಬಾರದು, ವಾಸನೆ ಬಿಡಬಾರದು, ಬೆರಳು ಸುಡಬಾರದು. ಲೈಟರ್ ಆರಿಸುವಾಗ ನೋಡಬೇಕಾದ್ದು ಈ ನಾಲ್ಕನ್ನೇ. ಮಿಕ್ಕಿದ್ದು ಶೋಕಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸಿಗಾರ್ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅನ್ನುವ ಮಾತು ನಮ್ಮ ಪಾರ್ಟಿಗಳಲ್ಲಿ ಜಾಸ್ತಿ ಓಡಾಡುತ್ತದೆ. ಅದು ಸುಳ್ಳು. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕೂಡ ಕಾರಣ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಪರೇಲಿನ ಟಾಟಾ ಆಸ್ಪತ್ರೆಯ ಎದುರಿನ ಫುಟ್‌ಪಾತ್ ಒಮ್ಮೆ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಬರಹ ವರ್ಷಕ್ಕೊಮ್ಮೆಯೋ ಎರಡು ಸಲವೋ ಹಚ್ಚುವ ದೊಡ್ಡವರಿಗೆ. ಹೊಸದಾಗಿ ಶುರುಮಾಡಿ ಅಂತ ಯಾರಿಗೂ ಹೇಳುತ್ತಿಲ್ಲ.

ಬೆಂಕಿಕಡ್ಡಿ, ಮತ್ತೆ ಪೆಟ್ಟಿಗೆಯೊಳಗಿನ ಮರದ ಹಾಳೆ

ಗಾಳಿಯಿಲ್ಲದ ಕೋಣೆಯಲ್ಲಿ ಕೂತರೆ ನನ್ನ ವೋಟು ಕಡ್ಡಿಗೇ. 14 ವರ್ಷ ಒಂದೇ ರೂಪಾಯಿಗೆ ನಿಂತಿದ್ದ ಬೆಂಕಿಪೊಟ್ಟಣ 2021ರ ಡಿಸೆಂಬರಿನಲ್ಲಿ ಎರಡು ರೂಪಾಯಿ ಆಯಿತು. ಆದರೂ ಇದಕ್ಕಿಂತ ಅಗ್ಗದ ಬೆಂಕಿ ಬೇರೆ ಇಲ್ಲ. ಕಡ್ಡಿಯ ಉರಿ ಮೆತ್ತಗೆ, ಅಗಲ. ಎಲೆಯನ್ನು ಕರಕಲು ಮಾಡುವುದಿಲ್ಲ.

ಒಂದೇ ಎಚ್ಚರಿಕೆ. ಕಡ್ಡಿಯ ತಲೆಯಲ್ಲಿ ಗಂಧಕವಿದೆ, ಪೊಟ್ಯಾಸಿಯಂ ಕ್ಲೋರೇಟ್ ಇದೆ. ಗೀರಿದ ಕೂಡಲೇ ಬುಸ್ ಅಂತ ಬರುವ ಬಿಳಿ ಹೊಗೆ ಅವುಗಳದ್ದು. ಆ ಹೊಗೆ ಸಿಗಾರಿಗೆ ತಾಗಿದರೆ ಮೊದಲ ದಮ್ಮಿನಲ್ಲೇ ಪಟಾಕಿ ವಾಸನೆ. ತಲೆ ಪೂರ್ತಿ ಉರಿದು, ಉರಿ ಮರಕ್ಕೆ ಇಳಿದು ಹಳದಿಯಾಗಿ ನಿಲ್ಲುವ ತನಕ ಕಾಯಬೇಕು. ಎರಡು ಮೂರು ಸೆಕೆಂಡ್ ಅಷ್ಟೇ. ಆದರೆ ಹೀಗೆ ಕಾದ ಮೇಲೆ ಮಾಮೂಲಿ ಕಡ್ಡಿಯಲ್ಲಿ ಉಳಿಯುವುದು ಸ್ವಲ್ಪವೇ ಹೊತ್ತು. ಎರಡು ಕಡ್ಡಿ ಜೋಡಿಸಿ ಹಿಡಿಯಿರಿ, ಪಕ್ಕದಲ್ಲಿ ಇನ್ನೆರಡು ತೆಗೆದಿಟ್ಟಿರಿ. ಉದ್ದನೆಯ ಸಿಗಾರ್ ಕಡ್ಡಿ ಸಿಕ್ಕರೆ ಇನ್ನೂ ಒಳ್ಳೆಯದು. ಮೇಣದ ಕಾಗದದ ಕಡ್ಡಿ ಮಾತ್ರ ಬೇಡ. ಅದರ ಮೇಣ ಸಿಗಾರಿನ ತುದಿಯಲ್ಲಿ ಕೂತರೆ ಹೋಗುವುದಿಲ್ಲ.

ಮಳೆಗಾಲದ ಮುಂಬೈಯಲ್ಲಿ ಕಡ್ಡಿಯ ಕತೆ ಬೇರೆ. ಜುಲೈಯಲ್ಲಿ ಪೊಟ್ಟಣದ ಬದಿಯ ಕಂದು ಪಟ್ಟಿ ಮೆತ್ತಗಾಗುತ್ತದೆ. ಗೀರಿದರೆ ಕಿಡಿ ಬರುವ ಬದಲು ಕಡ್ಡಿಯ ತಲೆಯೇ ಪಟ್ಟಿಗೆ ಅಂಟಿಕೊಂಡು ಬರುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಈ ತಾಪತ್ರಯವಿಲ್ಲ.

ಕೆಲವು ಸಿಗಾರ್ ಪೆಟ್ಟಿಗೆಗಳಲ್ಲಿ ಸಾಲುಗಳ ನಡುವೆ ತೆಳ್ಳಗಿನ ಮರದ ಹಾಳೆ ಇರುತ್ತದೆ. ಟ್ಯೂಬಿನಲ್ಲಿ ಬರುವ ಸಿಗಾರಿಗೂ ಎಷ್ಟೋ ಸಲ ಅದನ್ನು ಸುತ್ತಿರುತ್ತಾರೆ. ಅದು ಸ್ಪ್ಯಾನಿಷ್ ಸೀಡರ್. ಹೆಸರು ಸೀಡರ್ ಆದರೂ ಮಹೋಗನಿ ಕುಟುಂಬದ ಮರ. ನಮ್ಮವರು ಪೆಟ್ಟಿಗೆ ಬಿಚ್ಚಿದ ಕೂಡಲೇ ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಹಾಕಬೇಡಿ. ಬೆರಳಗಲದ ಪಟ್ಟಿಯಾಗಿ ಉದ್ದಕ್ಕೆ ಸೀಳಿ. ಪಟ್ಟಿಗೆ ಕಡ್ಡಿಯಿಂದ ಬೆಂಕಿ ಕೊಡಿ, ಪಟ್ಟಿಯಿಂದ ಸಿಗಾರ್ ಹಚ್ಚಿ. ಗಂಧಕದ ಕಾಟವಿಲ್ಲ, ಉರಿ ಬೇಕಾದಷ್ಟು ಹೊತ್ತು ನಿಲ್ಲುತ್ತದೆ, ವಾಸನೆಯೂ ಸಿಗಾರಿಗೆ ಹೊಂದುತ್ತದೆ. ಕೆಂಡವಾದ ಚೂರುಗಳು ಉದುರುತ್ತವೆ, ಕೆಳಗೊಂದು ಸ್ಟೀಲ್ ತಟ್ಟೆ ಇರಲಿ. ಸೋಫಾ ಮೇಲೆ ಕೂತು ಈ ಪ್ರಯೋಗ ಬೇಡ.

ಪಾನ್ ಅಂಗಡಿಯ ಲೈಟರ್

20 ರೂಪಾಯಿಗಿಂತ ಕಡಿಮೆ ಬೆಲೆಯ ಸಿಗರೇಟ್ ಲೈಟರ್‌ಗಳ ಆಮದನ್ನು ಕೇಂದ್ರ ಸರ್ಕಾರ 2023ರ ಜೂನ್ ಕೊನೆಯಲ್ಲಿ ನಿಷೇಧಿಸಿತು. ತಮಿಳುನಾಡಿನ ಬೆಂಕಿಪೊಟ್ಟಣದವರು ಇದಕ್ಕಾಗಿ ತುಂಬಾ ದಿನದಿಂದ ಕೇಳುತ್ತಿದ್ದರು. ಆದರೂ ಅಗ್ಗದ ಲೈಟರ್ ಅಂದರೆ ಈಗಲೂ ಪ್ಲಾಸ್ಟಿಕ್ ಮೈ, ಒಳಗೆ ಬ್ಯೂಟೇನ್, ಮೇಲೆ ಕಲ್ಲು ಮತ್ತು ಚಕ್ರ. ಅದರ ಗ್ಯಾಸಿನಲ್ಲಿ ದೋಷವಿಲ್ಲ, ರುಚಿಯೇನೂ ಕೆಡುವುದಿಲ್ಲ. ತೊಂದರೆ ಇರುವುದು ಮೈಮೇಲಿನ ಇರುವೆ ಗಾತ್ರದ ಅಕ್ಷರದಲ್ಲಿ: 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಉರಿಸಬೇಡಿ. ಸಿಗಾರಿಗೆ ಬೇಕಾದ್ದು ಅದರ ಮೂರರಿಂದ ಆರು ಪಟ್ಟು. ಹಿಡಿದೇ ಇದ್ದರೆ ಮೇಲಿನ ತಗಡು ಕಾದು ಹೆಬ್ಬೆರಳಿಗೆ ಚುರುಕ್ ಅನ್ನುತ್ತದೆ, ಚಕ್ರದ ಕೆಳಗಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಏಳೆಂಟು ಸೆಕೆಂಡ್ ಉರಿಸಿ, ಬಿಟ್ಟು, ಆರಲು ಬಿಟ್ಟು, ಮತ್ತೆ ಉರಿಸಿ. ಹೀಗೆ ಮಾಡಿದರೆ ಇದರಲ್ಲೂ ಕೆಲಸ ಆಗುತ್ತದೆ.

ಝಿಪ್ಪೊ: ಹೆಸರು ದೊಡ್ಡದು, ಆದರೆ

ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನಲ್ಲಿ 1932ರಲ್ಲಿ ಶುರುವಾದ ಕಂಪನಿ. ಗಾಳಿಗೆ ಆರದ ಉರಿ, ಮುಚ್ಚಳದ ಟಣ್ ಸದ್ದು, ಕೆಟ್ಟರೆ ರಿಪೇರಿ ಮಾಡಿಕೊಡುವ ಜೀವಮಾನದ ಗ್ಯಾರಂಟಿ. ಸಿಗರೇಟಿಗೆ ಒಪ್ಪಿದೆ. ಸಿಗಾರಿಗೆ ನಾನು ಒಪ್ಪುವುದಿಲ್ಲ. ಒಳಗಿರುವುದು ಪೆಟ್ರೋಲಿನ ದಾಯಾದಿಯಾದ ದ್ರವ ಇಂಧನ. ಬತ್ತಿಯಿಂದ ಬರುವ ಆ ವಾಸನೆ ಎಲೆಯೊಳಗೆ ಕೂತು ಬೇಗ ಬಿಟ್ಟುಹೋಗುವುದಿಲ್ಲ. ಕೆಲವರು "ನಂಗೇನೂ ಗೊತ್ತಾಗಲ್ಲಪ್ಪ" ಅನ್ನುತ್ತಾರೆ. ಇರಬಹುದು. ಜೊತೆಗೆ ಪಕ್ಕದಲ್ಲಿ ಖಾರದ ಸುಕ್ಕೆ ಇದ್ದರೆ ಯಾವುದೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಝಿಪ್ಪೊ ಈಗಾಗಲೇ ಇದ್ದರೆ ಒಂದು ದಾರಿಯಿದೆ. ಒಳಗಿನ ಭಾಗ ಹೊರಗೆಳೆದು, ಅದೇ ಡಬ್ಬಿಗೆ ಬ್ಯೂಟೇನ್ ಇನ್ಸರ್ಟ್ ಹಾಕಬಹುದು. ಕಂಪನಿಯೇ ಅದನ್ನು ಮಾರುತ್ತದೆ. ಹಳೆಯ ಮೈ, ಹೊಸ ಉರಿ.

ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಕೊಳ್ಳುವವರು ಡಬ್ಬಿಯ ತಳ ತಿರುಗಿಸಿ ನೋಡಿ. ಅಸಲಿಯಲ್ಲಿ ಹೆಸರಿನ ಒಂದು ಬದಿಗೆ ಎ ಇಂದ ಎಲ್ ವರೆಗಿನ ಒಂದು ಇಂಗ್ಲಿಷ್ ಅಕ್ಷರ, ಇನ್ನೊಂದು ಬದಿಗೆ ಎರಡು ಅಂಕಿ. ಅಕ್ಷರ ತಯಾರಾದ ತಿಂಗಳು, ಅಂಕಿ ವರ್ಷ. 2001ಕ್ಕಿಂತ ಮುಂಚಿನ ಕೆಲವು ವರ್ಷಗಳದ್ದಾದರೆ ಅಲ್ಲಿ ರೋಮನ್ ಅಂಕಿ ಇರುತ್ತದೆ. ನಕಲು ಮಾಡುವವರು ಇದನ್ನೂ ನಕಲು ಮಾಡುತ್ತಾರೆ ಬಿಡಿ. ಆದರೆ ತಳದಲ್ಲಿ ಏನೂ ಇಲ್ಲದಿದ್ದರೆ ಚೌಕಾಸಿಯೂ ಬೇಡ.

ಹಳದಿ ಉರಿಯೋ, ನೀಲಿ ಜೆಟ್ಟೋ

ನಿಜವಾದ ಸ್ಪರ್ಧೆ ಈ ಎರಡರ ನಡುವೆ. ಎರಡಕ್ಕೂ ಬ್ಯೂಟೇನ್ ಗ್ಯಾಸೇ. ಹಳದಿ ಉರಿಯ ಲೈಟರಿನಲ್ಲಿ ಗ್ಯಾಸ್ ನಿಧಾನಕ್ಕೆ ಹೊರಬಂದು ಸುತ್ತಲಿನ ಗಾಳಿ ಕುಡಿದು ಉರಿಯುತ್ತದೆ. ಜೆಟ್ಟಿನಲ್ಲಿ ಗ್ಯಾಸೂ ಗಾಳಿಯೂ ಒಳಗೇ ಬೆರೆತು ಸಣ್ಣ ತೂತಿನಿಂದ ಒತ್ತಡದಲ್ಲಿ ನುಗ್ಗುತ್ತವೆ. ಅದಕ್ಕೇ ಸುಯ್ ಅನ್ನುವ ಸದ್ದು. ಅದಕ್ಕೇ ಗಾಳಿಗೆ ಜಗ್ಗದ ನೀಲಿ ಮೊನೆ. ಶಾಖ ಸಾವಿರ ಡಿಗ್ರಿ ದಾಟುತ್ತದೆ.

ಹಳದಿ ಉರಿ ಕೈಗೆ ಸಮಾಧಾನ. ತಪ್ಪು ಮಾಡಿದರೂ ಎಲೆ ತಡೆದುಕೊಳ್ಳುತ್ತದೆ. ಎಸ್.ಟಿ. ದ್ಯೂಪಾನಂತಹ ಫ್ರೆಂಚ್ ಕಂಪನಿಗಳ ದುಬಾರಿ ಲೈಟರ್‌ಗಳಲ್ಲಿ ಹೆಚ್ಚಿನವು ಇದೇ ಜಾತಿ. ಆದರೆ ಫ್ಯಾನ್ ಎರಡರಲ್ಲಿ ತಿರುಗುತ್ತಿದ್ದರೂ ಉರಿ ಓಲಾಡುತ್ತದೆ. ಉರಿ ಯಾವಾಗಲೂ ಮೇಲಕ್ಕೇ ಏಳುವುದರಿಂದ ಸಿಗಾರನ್ನೇ ಬಗ್ಗಿಸಬೇಕು. ಜೆಟ್ಟನ್ನು ಯಾವ ಕಡೆ ಬೇಕಾದರೂ ತಿರುಗಿಸಬಹುದು, ವಾಚ್ ಅಂಗಡಿಯವನ ಹಾಗೆ ಒಂದು ಬಿಂದುವಿಗೆ ಗುರಿಯಿಡಬಹುದು. ಒಂದು ಬದಿ ಉರಿಯದೆ ಉಳಿದಾಗ ಸರಿಪಡಿಸಲು ಇದಕ್ಕೆ ಸಾಟಿಯಿಲ್ಲ.

ಜೆಟ್ಟಿನ ಅಪಾಯ ಅದರ ಅವಸರ. ಹತ್ತಿರ ಹಿಡಿದರೆ ತುದಿ ಕ್ಷಣದಲ್ಲಿ ಕರಕಲಾಗಿ ಕಹಿಯಾಗುತ್ತದೆ, ಹೊರಗಿನ ಎಲೆ ಸೀಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೊನೆ ಕಣ್ಣಿಗೆ ಕಾಣುವುದೇ ಇಲ್ಲ. ಸದ್ದು ಕೇಳುತ್ತದೆ, ಉರಿ ಎಲ್ಲಿದೆ ಅಂತ ಗೊತ್ತಾಗುವುದು ಬೆರಳಿಗೆ ತಾಗಿದಾಗ. ಬಿಸಿಲಲ್ಲಿ ಹಚ್ಚುವಾಗ ಸಿಗಾರಿನ ತುದಿಗೆ ನಿಮ್ಮದೇ ನೆರಳು ಬೀಳುವ ಹಾಗೆ ತಿರುಗಿ ಕೂರಿ.

ಒಂದು ಜೆಟ್ಟೋ, ಎರಡೋ, ಮೂರೋ? 46 ರಿಂಗ್ ತನಕದ ಸಪೂರ ಸಿಗಾರಿಗೆ ಒಂದು ಬೇಕಾದಷ್ಟಾಯಿತು. 50ರ ಮೇಲೆ ಹೋದರೆ ಎರಡು ಇದ್ದರೆ ಸುಖ. ಮೂರು, ನಾಲ್ಕು ಜೆಟ್ಟಿನವು ಗ್ಯಾಸ್ ನುಂಗುತ್ತವೆ, ತೂತು ಜಾಸ್ತಿಯಾದಷ್ಟು ಕಟ್ಟಿಕೊಳ್ಳುವುದೂ ಜಾಸ್ತಿ. ಸುಮ್ನೆ ತೋರಿಕೆ ಅಂತ ನನಗೆ ಅನಿಸುತ್ತದೆ. ಅದಕ್ಕಿಂತ ಗ್ಯಾಸ್ ಎಷ್ಟಿದೆ ಅಂತ ಕಾಣುವ ಕಿಟಕಿ ಇದೆಯಾ, ತಳದಲ್ಲಿ ಉರಿ ಹೆಚ್ಚುಕಡಿಮೆ ಮಾಡುವ ತಿರುಪು ಉಗುರಿಗೆ ಸಿಗುತ್ತದಾ ನೋಡಿ. ದಿನಾ ಬೇಕಾಗುವುದು ಇವೆರಡೇ.

ಚಾರ್ಜ್ ಮಾಡುವ ಆರ್ಕ್ ಲೈಟರಿನ ಎರಡು ಮೊನೆಗಳ ಸಂದಿಯಲ್ಲಿ ಸಿಗರೇಟು ಹೊಗಬಹುದು, ಸಿಗಾರ್ ಹೋಗುವುದಿಲ್ಲ. ಬಿಟ್ಟುಬಿಡಿ. ಹೋಟೆಲ್ ಟೇಬಲಿನ ಮೇಣದಬತ್ತಿಯೂ ಬೇಡ, ಮೇಣದ ಹೊಗೆ ಎಲೆಗೆ ಅಂಟುತ್ತದೆ.

ಹಚ್ಚುವ ಕ್ರಮ

ಲೈಟರ್ ಯಾವುದೇ ಇರಲಿ, ಕೈ ಇದೇ. ಮೊದಲು ಮುಚ್ಚಿದ ತುದಿ ಕತ್ತರಿಸಿ. ಅಲ್ಲಿ ಟೋಪಿಯ ಹಾಗೆ ಅಂಟಿಸಿದ ಎಲೆಯ ಗೆರೆ ಕಾಣುತ್ತದೆ. ಆ ಗೆರೆ ದಾಟಿ ಕತ್ತರಿಸಿದರೆ ಇಡೀ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಸುಮಾರು 2 ಮಿಲಿಮೀಟರ್ ಸಾಕು.

ಈಗ ಬಾಯಿಗಿಡಬೇಡಿ. ಕೈಯಲ್ಲೇ ಓರೆಯಾಗಿ ಹಿಡಿಯಿರಿ, ಹಚ್ಚುವ ತುದಿ ಕೆಳಗೆ. ಉರಿಯ ಮೊನೆಗೂ ಎಲೆಗೂ ನಡುವೆ ಸಂದಿ ಇರಬೇಕು. ಹಳದಿ ಉರಿಯಾದರೆ ಒಂದು ಸೆಂಟಿಮೀಟರ್, ಜೆಟ್ ಆದರೆ ಎರಡು ಮೂರು. ಉರಿ ತಾಗಬಾರದು, ಶಾಖ ತಾಗಬೇಕು. ಬೆರಳಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಮೊದಲು ಅಂಚು ಕಪ್ಪಾಗುತ್ತದೆ, ಸಣ್ಣ ಎಳೆ ಹೊಗೆ ಏಳುತ್ತದೆ, ಆಮೇಲೆ ಅಂಚಿನ ಸುತ್ತ ಕಿತ್ತಳೆ ಬಣ್ಣದ ತೆಳು ಬಳೆ ಮೂಡುತ್ತದೆ. ಬಳೆ ಪೂರ್ತಿಯಾದ ಮೇಲೆ ಬಾಯಿಗಿಟ್ಟು, ಉರಿಯನ್ನು ಅಷ್ಟೇ ದೂರದಲ್ಲಿಟ್ಟು, ತಿರುಗಿಸುತ್ತಾ ಮೂರು ನಾಲ್ಕು ಸಲ ಮೆಲ್ಲಗೆ ಎಳೆಯಿರಿ. ಲೈಟರ್ ಆರಿಸಿ. ತುದಿಯನ್ನು ನಿಮ್ಮ ಕಡೆ ತಿರುಗಿಸಿ ಹಗುರಕ್ಕೆ ಊದಿ. ಎಲ್ಲ ಕಡೆ ಕೆಂಪು ಕಂಡರೆ ಮುಗಿಯಿತು. ಕಪ್ಪು ಉಳಿದ ಕಡೆಗೆ ಮಾತ್ರ ಇನ್ನೊಂದು ಸಲ ಶಾಖ ಕೊಡಿ.

ಮೊದಲು ಕಾಯಿಸುವುದು ಬೇಡ, ನೇರ ಹಚ್ಚಿ ಎಳೆದರೆ ಸಾಕು ಅನ್ನುವವರೂ ಇದ್ದಾರೆ. ಸಪೂರ ಸಿಗಾರಿಗೆ ಅದು ನಡೆಯುತ್ತದೆ. ದಪ್ಪದ್ದರಲ್ಲಿ ಒಂದು ಬದಿ ಓಡಿ ಇನ್ನೊಂದು ಬದಿ ಹಿಂದುಳಿದರೆ ಇಡೀ ಒಂದು ಗಂಟೆ ಅದನ್ನೇ ಸರಿಮಾಡುತ್ತಾ ಕೂರಬೇಕಾಗುತ್ತದೆ. ಹಾಗಾದಾಗ ಹಿಂದುಳಿದ ಬದಿಯನ್ನು ಕೆಳಗೆ ಮಾಡಿ ಹಿಡಿದು ನೋಡಿ, ಎಷ್ಟೋ ಸಲ ತಾನಾಗಿ ಸಮವಾಗುತ್ತದೆ. ಹತ್ತಿದ ಮೇಲೆ ನಿಮಿಷಕ್ಕೊಂದು ದಮ್ಮು. ಅದಕ್ಕಿಂತ ಜಾಸ್ತಿಯಾದರೆ ಕಾವು ಏರಿ ಕಹಿ. ಆರಿಹೋದರೆ ಬೂದಿ ಕೊಡವಿ, ಒಳಗಿನ ಹಳೆ ಹೊಗೆಯನ್ನು ಒಮ್ಮೆ ಹೊರಕ್ಕೆ ಊದಿ, ಮತ್ತೆ ಕಾಯಿಸಿ.

ಯಾರಿಗೆ ಯಾವುದು

ಮುಂಬೈಯ ಎತ್ತರದ ಬಿಲ್ಡಿಂಗಿನ ಬಾಲ್ಕನಿಗೆ ಒಂದು ಅಥವಾ ಎರಡು ಜೆಟ್ಟಿನ ಲೈಟರ್. ಇಲ್ಲಿ ಲೈಟರಿಗಿಂತ ದೊಡ್ಡ ಸಮಸ್ಯೆ ಸಿಗಾರಿನ ತೇವ. ಸಿಗಾರಿಗೆ ಬೇಕಾದ್ದು 65ರಿಂದ 70 ಶೇಕಡ ತೇವಾಂಶ. ಮಳೆಗಾಲದ ಗಾಳಿಯಲ್ಲಿ 80 ದಾಟಿರುತ್ತದೆ. ಪೆಟ್ಟಿಗೆ ಕಪಾಟಿನಲ್ಲಿ ಸುಮ್ನೆ ಬಿದ್ದಿದ್ದರೆ ಎಲೆ ಉಬ್ಬಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಅಂಥದ್ದಕ್ಕೆ ನಾಲ್ಕು ಜೆಟ್ ಹಿಡಿದರೂ ಮಧ್ಯ ಹತ್ತುವುದಿಲ್ಲ. ಜಿಪ್ ಚೀಲದಲ್ಲಿ ತೇವವನ್ನು ಹದದಲ್ಲಿಡುವ ಪ್ಯಾಕೆಟ್ ಜೊತೆ ಹಾಕಿಡಿ. ಇನ್ನು, ನಮ್ಮವರ ಹೋಟೆಲ್, ಬಾರಿನಲ್ಲಿ ಪರಿಚಯವಿದೆ ಅಂತ ಒಳಗೆ ಹಚ್ಚಬೇಡಿ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಧೂಮಪಾನಕ್ಕೆ 200 ರೂಪಾಯಿ ತನಕ ದಂಡ. ಪ್ರತ್ಯೇಕ ಕೋಣೆಗೆ ಅವಕಾಶ ಇರುವುದು 30 ಸೀಟು ಅಥವಾ ಅದಕ್ಕಿಂತ ಹೆಚ್ಚಿರುವ ಹೋಟೆಲಿಗೆ ಮಾತ್ರ. ತೊಂದರೆ ಬರುವುದು ಮಾಲೀಕರಾದ ನಮ್ಮ ಅಣ್ಣನಿಗೇ ಅಲ್ವಾ?

ಪುಣೆಯವರು ಪುಣ್ಯವಂತರು. ಚಳಿಗಾಲದ ಸಂಜೆ ಗಾಳಿ ಕಡಿಮೆ, ಕಡ್ಡಿ ಹಳದಿ ಉರಿ ಎರಡೂ ನಡೆಯುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ ಒಣಹವೆಗೆ ಹೊರ ಎಲೆ ಗರಿಗರಿಯಾಗಿ ಜೆಟ್ಟಿನ ಶಾಖಕ್ಕೆ ಬಿರುಕು ಬಿಡುತ್ತದೆ. ಆಗಂತೂ ಮೆತ್ತಗಿನ ಉರಿಯೇ ಸರಿ. ದುಡ್ಡು ಉಳಿಸಿ.

ಗೋವಾಕ್ಕೆ ಜೆಟ್ ಬಿಟ್ಟರೆ ಬೇರೆ ಮಾತಿಲ್ಲ. ಮಧ್ಯಾಹ್ನದಿಂದ ಸಂಜೆ ತನಕ ಸಮುದ್ರದ ಗಾಳಿ ನಿಲ್ಲುವುದಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ಹಚ್ಚಿ. ಮರಳಿನ ಮೇಲೆ ಲೈಟರ್ ಇಡಬೇಡಿ, ಒಂದು ಕಾಳು ಮರಳು ತೂತಿಗೆ ಹೋದರೆ ಉರಿ ಓರೆಯಾಗುತ್ತದೆ. ಉಳಿದ ತುಂಡನ್ನು ಮರಳಿನಲ್ಲಿ ಹೂಳಬೇಡಿ, ಬರಿಗಾಲಿನ ಮಕ್ಕಳು ಓಡಾಡುತ್ತಾರೆ. ವಿಮಾನದಲ್ಲಿ ಹೋಗುವವರು ಲೈಟರ್ ಮನೆಯಲ್ಲೇ ಬಿಡಿ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಒಳ್ಳೆಯ ಲೈಟರ್ ಸೆಕ್ಯುರಿಟಿಯ ಬುಟ್ಟಿಗೆ ಬೀಳುವುದಕ್ಕಿಂತ ಮಡಗಾಂವ್ ಪೇಟೆಯಲ್ಲಿ ಅಗ್ಗದ್ದೊಂದು ಜೆಟ್ ಕೊಳ್ಳುವುದು ವಾಸಿ.

ಗ್ಯಾಸ್ ತುಂಬಿಸುವಾಗ

ಹೊಸ ಜೆಟ್ ಒಂದು ತಿಂಗಳಲ್ಲೇ ಕೈಕೊಟ್ಟಿತು ಅನ್ನುವವರಲ್ಲಿ ಹೆಚ್ಚಿನವರು ತುಂಬಿಸುವ ಮುಂಚೆ ಹಳೆ ಗಾಳಿ ತೆಗೆದಿರುವುದಿಲ್ಲ. ತಿರುಪನ್ನು ಅತಿ ಕಡಿಮೆಗೆ ಇಳಿಸಿ. ಲೈಟರ್ ತಲೆಕೆಳಗೆ ಮಾಡಿ ತಳದ ವಾಲ್ವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒತ್ತಿ, ಸದ್ದು ನಿಲ್ಲುವ ತನಕ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪವೂ ಒಲೆಯೂ ಉರಿಯುತ್ತಿರಬಾರದು. ಆಮೇಲೆ ಲೈಟರ್ ತಲೆಕೆಳಗೆ ಇದ್ದ ಹಾಗೇ, ಗ್ಯಾಸ್ ಕ್ಯಾನನ್ನೂ ತಲೆಕೆಳಗೆ ಮಾಡಿ ಮೇಲಿನಿಂದ ನೆಟ್ಟಗೆ ಒತ್ತಿ, ನಾಲ್ಕೈದು ಸೆಕೆಂಡ್. ಓರೆಯಾದರೆ ಗ್ಯಾಸ್ ಪಕ್ಕಕ್ಕೆ ಚಿಮ್ಮಿ ಬೆರಳು ಮರಗಟ್ಟುತ್ತದೆ. ಬ್ಯೂಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ತುಂಬಿಸಿದ ಲೈಟರ್ ತಣ್ಣಗಿರುತ್ತದೆ, ಐದು ನಿಮಿಷ ಬಿಟ್ಟು ಹಚ್ಚಿ. ಶುದ್ಧ ಮಾಡಿದ ಬ್ಯೂಟೇನ್ ಅಂತ ಬರೆದಿರುವ ಕ್ಯಾನಿಗೇ ದುಡ್ಡು ಹಾಕಿ, ಕಳಪೆ ಗ್ಯಾಸಿನ ಜಿಡ್ಡು ಜೆಟ್ಟಿನ ತೂತನ್ನು ಮುಚ್ಚುತ್ತದೆ.

ಕ್ಯಾನಿನ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಬೇಡಿ ಅಂತ ಬರೆದಿರುತ್ತದೆ. ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಮುಂಬೈಯಿಂದ ಗೋವಾಕ್ಕೆ ಕಾರಿನಲ್ಲಿ ಹೋಗುವವರು ದಾರಿಯಲ್ಲಿ ಊಟಕ್ಕೆ ಇಳಿಯುವಾಗ ಲೈಟರ್ ಜೇಬಿನಲ್ಲಿ ಹಾಕಿಕೊಂಡು ಇಳಿಯಿರಿ. ಕ್ಯಾನಂತೂ ಕಾರಿಗೆ ಹಾಕಲೇಬೇಡಿ.